ಸ್ಮರಣೆಯೂ ಯಾಥಾರ್ಥ್ಯವೂ

ಮೃತರಾದವರ ವಿಷಯದಲ್ಲಿ ಒಳ್ಳೆಯ ಮಾತನ್ನೇ ಆಡಬೇಕೆಂಬುದು ಶಿಷ್ಟರ ಸಂಪ್ರದಾಯ. ವೈಕುಂಠ ಸಮಾರಾಧನೆಯ ದಿನ ಭೋಜನವಾದ ಮೇಲೆ ನಾಲ್ಕು ಜನ ಹಿರಿಯರು ಕುಳಿತಲ್ಲಿಂದಲೇ ಅಗಲಿದವರ ಗುಣಗಳನ್ನು ಎತ್ತಿ ಹೇಳುವುದೂ, ಕೇಳಿದವರು ಕಣ್ಣೊರೆಸಿಕೊಳ್ಳುವುದೂ ನಮ್ಮ ಮನೆಗಳಲ್ಲಿ ನಡೆದುಬಂದಿದೆ. ಈ ಸಂಪ್ರದಾಯವನ್ನು ಆಕ್ಷೇಪಿಸುವುದು ನನ್ನ ಉದ್ದೇಶವಲ್ಲ. ಆದರೆ ಅಂತಹ ಒಂದು ದಿನ ನಾನೇ ಆಡಿದ ಮಾತುಗಳು ಇಂದಿಗೂ ನನ್ನನ್ನು ಬಿಡದೆ ಕಾಡುತ್ತಿರುವುದರಿಂದ, ಅದರ ನಿಮಿತ್ತವಾಗಿ ಹುಟ್ಟಿದ ಒಂದು ಪ್ರಶ್ನೆಯನ್ನು ಆಸ್ತಿಕ ವಾಚಕರ ಮುಂದಿಡಬೇಕೆನಿಸಿದೆ.

ನನ್ನ ದೊಡ್ಡಪ್ಪನ ಮಗನು 2022ರ ಭೀಷ್ಮಾಷ್ಟಮಿಯಂದು ಹರಿಪಾದವನ್ನು ಸೇರಿದನು. ವಯಸ್ಸು 33. ನನಗಿಂತ ಮೂರು ತಿಂಗಳಿಗೆ ಹಿರಿಯ. ನಮ್ಮಿಬ್ಬರ ಉಪನಯನ ಒಂದೇ ಮುಹೂರ್ತದಲ್ಲಿ, ಒಂದೇ ಚಪ್ಪರದ ಕೆಳಗೆ ನಡೆಯಿತು. ಮರುವರ್ಷ ಒಂದೇ ದಿನ ಇಬ್ಬರನ್ನೂ ಪಾಠಶಾಲೆಗೆ ಕರೆದೊಯ್ದು ಬಿಟ್ಟರು. ಆದ್ದರಿಂದ ಅವನು ನನಗೆ ಜ್ಞಾತಿಯೂ ಹೌದು, ಸಹಾಧ್ಯಾಯಿಯೂ ಹೌದು. ಅವನ ಸಮಾರಾಧನೆಯ ದಿನ ಮಾತನಾಡಲು ನನಗಿಂತ ಅರ್ಹನು ಬೇರೆ ಯಾರೆಂದು ಎಲ್ಲರೂ ನನ್ನ ಕಡೆಗೇ ನೋಡಿದರು. ನಾನು ಕಾಲು ಗಂಟೆ ಮಾತನಾಡಿದೆನು. ನ್ಯಾಯಸುಧೆಯ ಪಂಕ್ತಿಗಳು ಅವನ ನಾಲಗೆಯ ತುದಿಯಲ್ಲಿದ್ದುವೆಂದೆನು. ಪಿತೃಸೇವೆಗಾಗಿ ಅಧ್ಯಯನವನ್ನೇ ತ್ಯಾಗಮಾಡಿದನೆಂದೆನು. ಸಿಟ್ಟೆಂಬುದು ಅವನ ಬಳಿ ಸುಳಿಯಲಿಲ್ಲವೆಂದೆನು. ದೊಡ್ಡಮ್ಮ ನನ್ನ ಕೈ ಹಿಡಿದುಕೊಂಡು ಅತ್ತರು. ಬಂದಿದ್ದ ಹಿರಿಯರು ಮೆಚ್ಚಿಕೊಂಡರು.

ಈ ಮೂರರಲ್ಲಿ ಒಂದೂ ನಿಜವಾಗಿರಲಿಲ್ಲ.

ಇದರಲ್ಲಿ ದೋಷವೇನು, ಯಾರಿಗೂ ಹಾನಿಯಾಗಲಿಲ್ಲವಲ್ಲ, ದುಃಖಿತೆಯಾದ ತಾಯಿಗೆ ಸಮಾಧಾನವೇ ಆಯಿತಲ್ಲ ಎಂದು ವಾಚಕರು ಕೇಳಬಹುದು. ನಾನೂ ಬಹುದಿನ ಹಾಗೆಯೇ ನನಗೆ ಹೇಳಿಕೊಂಡೆನು. ಸತ್ಯವನ್ನು ಹೇಳು, ಪ್ರಿಯವಾದುದನ್ನು ಹೇಳು, ಅಪ್ರಿಯವಾದ ಸತ್ಯವನ್ನು ಆಡಬೇಡ ಎಂಬ ಅರ್ಥದ ಮನುವಿನ ವಚನವನ್ನು ನಾವೆಲ್ಲರೂ ಸಂದರ್ಭಕ್ಕೆ ತಕ್ಕಂತೆ ಉದಾಹರಿಸುತ್ತೇವೆ. ಆ ವಚನ ಅಲ್ಲಿಗೆ ಮುಗಿಯುವುದಿಲ್ಲ. ಪ್ರಿಯವಾದ ಅಸತ್ಯವನ್ನೂ ಆಡಕೂಡದೆಂದು ಅದರ ಮುಂದೆಯೇ ಇದೆ. ನಮಗೆ ಅನುಕೂಲವಾದಲ್ಲಿ ಶ್ಲೋಕವನ್ನು ನಿಲ್ಲಿಸುವ ಅಭ್ಯಾಸ ಪುರೋಹಿತರ ಮನೆಯಲ್ಲಿ ಹುಟ್ಟಿದ ನನಗೆ ಸ್ವಲ್ಪ ಹೆಚ್ಚಾಗಿಯೇ ಇರಬಹುದು.

ಇದು ಕೇವಲ ನೀತಿಯ ಮಾತಾಗಿದ್ದರೆ ಒಂದು ಪ್ರಾಯಶ್ಚಿತ್ತದಿಂದ ಮುಗಿಯುತ್ತಿತ್ತು. ನಮ್ಮ ಸಿದ್ಧಾಂತದಲ್ಲಿ ಸ್ಮರಣೆಗೆ ಕೊಟ್ಟಿರುವ ಸ್ಥಾನವನ್ನು ಯೋಚಿಸಿದಾಗ ಮಾತ್ರ ವಿಷಯದ ಭಾರ ತಿಳಿಯುತ್ತದೆ. ನೈಯಾಯಿಕರು ಸ್ಮೃತಿಯನ್ನು ಪ್ರಮಾಣವೆಂದು ಒಪ್ಪುವುದಿಲ್ಲ. ಅನುಭವವು ಯಥಾರ್ಥವಾದರೆ ಅದು ಪ್ರಮೆ. ಸ್ಮೃತಿಯಾದರೋ ಅದರ ನೆರಳು ಮಾತ್ರ ಎಂಬುದು ಅವರ ಮತ. ಮೀಮಾಂಸಕರಲ್ಲಿ ಕೆಲವರು, ಮೊದಲು ತಿಳಿಯದಿದ್ದುದನ್ನು ತಿಳಿಸಿದರೆ ತಾನೆ ಪ್ರಮಾಣ, ತಿಳಿದುದನ್ನೇ ತಿಳಿಸುವ ಸ್ಮೃತಿಗೆ ಆ ಗೌರವವೇಕೆ ಎನ್ನುತ್ತಾರೆ. ಶ್ರೀಮದಾಚಾರ್ಯರು ಈ ಎರಡು ದಾರಿಯನ್ನೂ ಹಿಡಿಯಲಿಲ್ಲ. ವಸ್ತು ಹೇಗಿದೆಯೋ ಹಾಗೆಯೇ ಅದನ್ನು ವಿಷಯೀಕರಿಸುವುದು ಪ್ರಮಾಣ. ಹೊಸದೋ ಹಳೆಯದೋ ಎಂಬ ಪ್ರಶ್ನೆ ಅಲ್ಲಿಲ್ಲ. ಈ ಲಕ್ಷಣವನ್ನು ಟೀಕಾಕೃತ್ಪಾದರು ಪ್ರಮಾಣಪದ್ಧತಿಯಲ್ಲಿ ವಿಸ್ತರಿಸಿ, ಯಥಾರ್ಥವಾದ ಸ್ಮೃತಿಯೂ ಪ್ರಮಾಣವೇ ಎಂದು ಸ್ಥಾಪಿಸಿದ್ದಾರೆ. ಅಷ್ಟೇ ಅಲ್ಲ, ಸ್ಮೃತಿಯು ಮನಸ್ಸೆಂಬ ಇಂದ್ರಿಯದಿಂದ ಹುಟ್ಟುವ ಪ್ರತ್ಯಕ್ಷ. ಹಿಂದಿನ ಅನುಭವದ ಸಂಸ್ಕಾರವೇ ಮನಸ್ಸಿಗೂ ಗತವಸ್ತುವಿಗೂ ಸಂಬಂಧವನ್ನು ಕಲ್ಪಿಸುತ್ತದೆ. ಎಂದರೆ, ಗತಿಸಿದವನನ್ನು ನೆನೆಯುವುದು ನಮ್ಮ ಮತದಲ್ಲಿ ಒಂದು ಬಗೆಯ ಕಾಣುವಿಕೆ.

ಕಾಣುವುದೆಂದ ಮೇಲೆ ಅದಕ್ಕೆ ಕಾಣುವುದರ ಧರ್ಮವೂ ಅಂಟಿಕೊಳ್ಳುತ್ತದೆ. ಶುಕ್ತಿಯನ್ನು ರಜತವೆಂದು ಕಂಡರೆ ಅದು ಭ್ರಮೆ. ರಜತವೆಂಬುದು ಶುಕ್ತಿಗಿಂತ ಬೆಲೆಯುಳ್ಳದ್ದು, ಆದ್ದರಿಂದ ಆ ಭ್ರಮೆ ಶುಕ್ತಿಗೆ ಗೌರವವೇ ಎಂದು ಯಾವ ಶಾಸ್ತ್ರಜ್ಞನೂ ವಾದಿಸುವುದಿಲ್ಲ. ನಾನಾದರೋ ಭ್ರಾಂತನಾಗಿಯೂ ಇರಲಿಲ್ಲ. ಮಾತನಾಡುತ್ತಿದ್ದಾಗಲೇ ಒಳಗಿನ ಸಾಕ್ಷಿಗೆ ಎಲ್ಲವೂ ತಿಳಿದಿತ್ತು.

ಹಾಗಾದರೆ ಅವನು ಹೇಗಿದ್ದನು? ಬೆಳಗಿನ ಜಾವ ನಾಲ್ಕೂವರೆಗೆ ಏಳುವುದೆಂದರೆ ಅವನಿಗೆ ಯಮಯಾತನೆ. ತುಂಗೆಯ ಮೆಟ್ಟಿಲಿನವರೆಗೆ ಕಣ್ಣು ಮುಚ್ಚಿಕೊಂಡೇ ನಡೆದು ಬರುತ್ತಿದ್ದನು. ಒಮ್ಮೆ ಮೆಟ್ಟಿಲು ತಪ್ಪಿ ಸಂಕಲ್ಪಕ್ಕೆ ಮುಂಚೆಯೇ ಸ್ನಾನವಾಯಿತು. ಕಂಠಪಾಠದಲ್ಲಿ ಹಿಂದೆ. ಅಮರಕೋಶವನ್ನು ಎರಡು ಸಲ ಮೊದಲಿನಿಂದ ಪ್ರಾರಂಭಿಸಿದನು. ಏಕಾದಶಿಯ ದಿನ ಸಾಯಂಕಾಲದಿಂದಲೇ ಪಾರಣೆಗೆ ಇನ್ನು ಎಷ್ಟು ಗಂಟೆಯೆಂದು ಎಣಿಸುತ್ತಿದ್ದನು. ಗುರುಗಳು ನಶ್ಯ ಏರಿಸಿ ಸೀನುವ ಮುಂಚೆ ಮುಖವನ್ನು ಮೇಲೆತ್ತಿ ನಿಲ್ಲುವ ಭಂಗಿಯನ್ನು ಅವನು ಮಾಡಿ ತೋರಿಸಿದರೆ ನಾವು ಹೊಟ್ಟೆ ಹುಣ್ಣಾಗುವಷ್ಟು ನಗುತ್ತಿದ್ದೆವು. ಸಿಟ್ಟು ಬಂದರೆ ಎದುರಿಗಿದ್ದುದು ಏನೆಂದು ನೋಡುವವನಲ್ಲ; ಅವನು ಎಸೆದ ಪಂಚಪಾತ್ರೆಯ ಗುರುತು ಅಲ್ಲಿನ ಕಂಬದ ಮೇಲೆ ಇಂದಿಗೂ ಇದೆ.

ಆದರೆ ಪ್ರಶ್ನೆ ಕೇಳುವುದರಲ್ಲಿ ಅವನಿಗೆ ಸಮಾನರು ನಮ್ಮಲ್ಲಿ ಯಾರೂ ಇರಲಿಲ್ಲ. ಪಂಕ್ತಿ ಬಾಯಿಗೆ ಬಾರದಿದ್ದರೂ ಅದರೊಳಗಿನ ಯುಕ್ತಿ ಅವನಿಗೆ ಕೂಡಲೆ ಹೊಳೆಯುತ್ತಿತ್ತು. ಪ್ರಮಾಣಪದ್ಧತಿಯ ಪಾಠದಲ್ಲಿ ಸ್ಮೃತಿಯ ಪ್ರಾಮಾಣ್ಯದ ವಿಚಾರ ಬಂದಾಗ ನನಗೆ ಒಂದು ಆಕ್ಷೇಪ ಬಿಡಿಸಲಾಗದೆ ಉಳಿಯಿತು. ನೆನೆಯುವಾಗ ವಸ್ತು ಹಿಂದಿದ್ದಂತೆ ಇರುವುದಿಲ್ಲ. ಇಲ್ಲದುದನ್ನು ಗ್ರಹಿಸುವ ಜ್ಞಾನ ಯಥಾರ್ಥವಾಗುವುದು ಹೇಗೆ? ಅವನು ಬಾವಿಯಿಂದ ನೀರು ಸೇದುತ್ತಿದ್ದನು. ಹಗ್ಗವನ್ನು ಕೈಯಿಂದ ಬಿಡದೆಯೇ ಹೇಳಿದನು: “ಕಾರ್ತೀಕದಲ್ಲಿ ಈ ಬಾವಿಯಲ್ಲಿ ಬಗ್ಗಿದರೆ ಕೈಗೆ ನೀರು ಸಿಕ್ಕುತ್ತದೆ. ಚೈತ್ರದಲ್ಲಿ ತಳದ ಕಲ್ಲು ಕಾಣುತ್ತದೆ. ಚೈತ್ರದಲ್ಲಿ ಹಗ್ಗ ಹಿಡಿದು ನಿಂತವನು ‘ಕಾರ್ತೀಕದಲ್ಲಿ ನೀರಿತ್ತು’ ಎಂದರೆ ಸುಳ್ಳೇನೋ? ‘ಈಗ ನೀರಿದೆ’ ಎಂದರೆ ತಾನೆ ಸುಳ್ಳು? ನೆನಪು ‘ಇತ್ತು’ ಎಂದೇ ಹೇಳುತ್ತದೆ. ಇದ್ದುದು ನಿಜವಾದರೆ ಮುಗಿಯಿತು.” ಗ್ರಂಥದಲ್ಲಿರುವ ಸಮಾಧಾನದ ತಿರುಳೂ ಇಷ್ಟೇ. ಬಾವಿ ಮಾತ್ರ ಅವನದು.

2007ರ ಆಷಾಢ ಬಹುಳ ಪಂಚಮಿ, ಶ್ರೀಜಯತೀರ್ಥರ ಆರಾಧನೆಯ ದಿನ ವಿದ್ವತ್ಸಭೆ ಸೇರಿತ್ತು. ವಿದ್ಯಾರ್ಥಿಗಳ ವಾಕ್ಯಾರ್ಥದಲ್ಲಿ ನನಗೆ ಈ ವಿಷಯವೇ ಬಂದಿತು. ನಾನು ಬಾವಿಯ ದೃಷ್ಟಾಂತವನ್ನು ಹೇಳಿದೆನು. ಸಭೆಯಲ್ಲಿದ್ದ ವೃದ್ಧ ಪಂಡಿತರೊಬ್ಬರು ತಲೆದೂಗಿ, “ಇದು ಯಾರು ಹೇಳಿಕೊಟ್ಟದ್ದು?” ಎಂದು ಕೇಳಿದರು. ಅವನು ಮೂರನೆಯ ಸಾಲಿನಲ್ಲಿ ಕುಳಿತಿದ್ದನು. ನಾನು, “ತಾನಾಗಿ ಹೊಳೆಯಿತು” ಎಂದೆನು. ಶಾಲು ಹೊದಿಸಿ ಫಲಮಂತ್ರಾಕ್ಷತೆಯನ್ನು ಕೊಟ್ಟರು. ರಾತ್ರಿ ಮಲಗುವಾಗಲೂ ಅವನು ಆ ಮಾತೆತ್ತಲಿಲ್ಲ. ನಾನೂ ಎತ್ತಲಿಲ್ಲ. ಭಾದ್ರಪದದ ಚೌತಿಗೆ ಮುಂಚೆ ಅವನು ಪಾಠಶಾಲೆಯನ್ನು ಬಿಟ್ಟು ಹೋದನು.

ಈ ಎರಡು ಘಟನೆಗಳನ್ನು ಒಂದರ ಪಕ್ಕದಲ್ಲಿ ಒಂದನ್ನಿಟ್ಟು ನಾನು ಅನೇಕ ವರ್ಷ ನನ್ನನ್ನು ದೂಷಿಸಿಕೊಂಡೆನು. ನನ್ನಿಂದಲೇ ಅವನ ವಿದ್ಯಾಭ್ಯಾಸ ನಿಂತಿತೆಂದೂ, ಅವನ ಬಾಳಿನ ದಾರಿಯನ್ನು ನಾನೇ ತಿರುಗಿಸಿದೆನೆಂದೂ ಕೊರಗಿದೆನು. ಅವನು ತೀರಿಕೊಂಡ ಮೇಲೆ ಒಂದು ದಿನ ತಂದೆಯವರಲ್ಲಿ ಇದನ್ನೆಲ್ಲ ಹೇಳಿಕೊಂಡೆನು. ಅವರು ನಿರ್ಮಾಲ್ಯವನ್ನು ತೆಗೆಯುತ್ತಿದ್ದವರು ತಿರುಗಿಯೂ ನೋಡದೆ, “ಕದ್ದದ್ದು ತಪ್ಪು. ಅದನ್ನು ನಿನ್ನ ಲೆಕ್ಕಕ್ಕೆ ಬರೆದುಕೋ. ಆದರೆ ಅವನು ಬಿಟ್ಟದ್ದು ನಿನ್ನಿಂದಲ್ಲ. ನಿನ್ನಿಂದ ಅಷ್ಟು ದೊಡ್ಡದು ಆಗುವಂತಿಲ್ಲ” ಎಂದರು.

ಆ ಕ್ಷಣ ನನಗೆ ಅವಮಾನವಾಯಿತು, ಆಮೇಲೆ ನಾಚಿಕೆಯಾಯಿತು. ಸತ್ತವನನ್ನು ಹೊಗಳುವುದರಲ್ಲಿ ಸುಳ್ಳು ಸೇರುವಂತೆ ನಮ್ಮನ್ನು ನಾವು ಹಳಿದುಕೊಳ್ಳುವುದರಲ್ಲಿಯೂ ಸುಳ್ಳು ಸೇರುತ್ತದೆ. ಪಶ್ಚಾತ್ತಾಪವೆಂಬ ಹೆಸರಿನಲ್ಲಿ ನಾನು ಅವನ ಕಥೆಯೊಳಗೆ ನಡುಮನೆಯಲ್ಲಿಯೇ ಕುಳಿತಿದ್ದೆನು. ನಿಜವಾಗಿ ನಡೆದುದೇನೆಂದರೆ, ದೊಡ್ಡಪ್ಪನಿಗೆ ಸಾಲವಿತ್ತು, ಮನೆಗೆ ತಿಂಗಳಿಗಿಷ್ಟೆಂದು ಹಣ ಬರಬೇಕಾಗಿತ್ತು. ಇದು ಅರ್ಧ. ಇನ್ನರ್ಧವನ್ನು ಅವನೇ ಬಹಳ ಹಿಂದೆ ಹೇಳಿದ್ದನು, ನಾನು ಕಿವಿಗೆ ಹಾಕಿಕೊಂಡಿರಲಿಲ್ಲ. “ಶಾಸ್ತ್ರ ನನಗೆ ಇಷ್ಟವೇ. ಆದರೆ ಒಲೆ ಅಂದಂದಿನ ಉತ್ತರವನ್ನು ಅಂದಂದೇ ಕೊಡುತ್ತದೆ” ಎಂದು.

ಅವನು ಅಡುಗೆಯವನಾದನು. ಮೊದಲು ಇತರರ ತಂಡದಲ್ಲಿ, ಆಮೇಲೆ ತಾನೇ ನಾಲ್ಕು ಜನರನ್ನು ಕಟ್ಟಿಕೊಂಡು, ಶ್ರಾದ್ಧ, ಸಮಾರಾಧನೆ, ಆರಾಧನೆಗಳ ಮಡಿಯಡುಗೆಗೆ ಹೋಗುತ್ತಿದ್ದನು. ಚಾತುರ್ಮಾಸ್ಯದ ಮೊದಲನೆಯ ತಿಂಗಳು ಅವನಿಗೆ ಬಿಡುವೇ ಇರುತ್ತಿರಲಿಲ್ಲ. ಶಾಕವ್ರತದಲ್ಲಿ ತರಕಾರಿಯಿಲ್ಲ, ಮೆಣಸಿನಕಾಯಿಯಿಲ್ಲ, ಹುಣಸೆಯಿಲ್ಲ. ಅನೇಕ ಮನೆಗಳಲ್ಲಿ ಆ ತಿಂಗಳೆಂದರೆ ನಾಲಗೆಗೆ ಶಿಕ್ಷೆ. ಅವನ ಕೈಯಲ್ಲಿ ಹಾಗಲ್ಲ. ಬೇಸಗೆಯಲ್ಲಿಯೇ ಮಾವಿನಕಾಯಿಯನ್ನು ಸೀಳಿ ಒಣಗಿಸಿ ಡಬ್ಬಿಯಲ್ಲಿ ತುಂಬಿಡುತ್ತಿದ್ದನು. ಆ ಒಣ ಮಾವಿನಕಾಯಿ, ಹೆಸರುಬೇಳೆಯ ಕಟ್ಟು, ಕಾಳುಮೆಣಸು, ಜೀರಿಗೆ, ತುಪ್ಪ ಇಷ್ಟರಲ್ಲಿ ಅವನು ಇಳಿಸುತ್ತಿದ್ದ ಸಾರಿಗಾಗಿ ವ್ರತ ಹಿಡಿಯದವರೂ ಪಂಕ್ತಿಗೆ ಬರುತ್ತಿದ್ದರು. ಮೆಣಸನ್ನು ಯಾವಾಗಲೂ ಕೊನೆಗೆ, ಒಲೆಯಿಂದ ಇಳಿಸುವ ಹೊತ್ತಿಗೆ ಕುಟ್ಟಿ ಹಾಕಬೇಕು, ಮುಂಚೆ ಹಾಕಿದರೆ ಖಾರವೊಂದೇ ಉಳಿದು ವಾಸನೆ ಹೋಗುತ್ತದೆ ಎನ್ನುತ್ತಿದ್ದನು. ನಿಷೇಧದೊಳಗೆ ನಿಂತು ರುಚಿಯನ್ನು ಹುಡುಕುವುದು ಸಾಮಾನ್ಯವಾದ ಬುದ್ಧಿಯಲ್ಲ. ಬಾವಿಯ ದೃಷ್ಟಾಂತ ಹೊಳೆದ ಬುದ್ಧಿಯೇ ಅದು.

ಅವನಿಗೆ ಮದುವೆಯಾಗಲಿಲ್ಲ. ಪೌರೋಹಿತ್ಯ ಮಾಡುವವರಿಗೆ, ಅಡುಗೆ ಮಾಡುವವರಿಗೆ ನಮ್ಮವರೇ ಹೆಣ್ಣು ಕೊಡಲು ಹಿಂಜರಿಯುವ ಕಾಲವಿದು. ಅವನು ಬಡಿಸಿದ ಊಟವನ್ನು ಮೆಚ್ಚಿ ಉಂಡು ಎದ್ದವರೇ ಅವನ ಜಾತಕವನ್ನು ಹಿಂದಿರುಗಿಸಿದ್ದುಂಟು. ಇದನ್ನು ಇಲ್ಲಿಗೇ ಬಿಡುತ್ತೇನೆ.

2019ರಲ್ಲಿ ಮತ್ತೆ ಅದೇ ಆರಾಧನೆ, ಆಷಾಢ ಬಹುಳ ಪಂಚಮಿ. ಉಪನ್ಯಾಸಕ್ಕೆ ನಾನು ಹೋಗಿದ್ದೆನು. ಅಡುಗೆಗೆ ಅವನು ಬಂದಿದ್ದನು. ಪಂಕ್ತಿಯಲ್ಲಿ ಸಾರು ಬಡಿಸುತ್ತ ನನ್ನ ಎಲೆಯ ಮುಂದೆ ಬಂದು, ಸೌಟನ್ನು ಎತ್ತಿ ಹಿಡಿದು, “ಬಾವಿಯಲ್ಲಿ ನೀರಿದೆಯೇನೋ?” ಎಂದನು. ಹನ್ನೆರಡು ವರ್ಷಗಳಲ್ಲಿ ಆ ಮಾತನ್ನು ಅವನು ಎತ್ತಿದ್ದು ಅದೊಂದೇ ಸಲ. ಅದರಲ್ಲಿ ವ್ಯಂಗ್ಯವಿತ್ತೋ, ಹಳೆಯ ಸಲಿಗೆಯಿತ್ತೋ ನನಗೆ ತಿಳಿಯಲಿಲ್ಲ, ಇಂದಿಗೂ ತಿಳಿಯದು. ನಾನು, “ಇನ್ನೊಂದು ಸೌಟು ಹಾಕು” ಎಂದೆನು. ಅವನು ಹಾಕಿ ಮುಂದಿನ ಎಲೆಗೆ ಹೋದನು. ಆಗ ಎದ್ದು ನಿಂತು ಹೇಳಬಹುದಾಗಿದ್ದ ಒಂದು ವಾಕ್ಯ ನನ್ನ ಬಳಿಯಲ್ಲಿಯೇ ಉಳಿದುಹೋಯಿತು.

ಈಗ ಸಮಾರಾಧನೆಯ ದಿನದ ನನ್ನ ಮಾತಿಗೆ ಬರುತ್ತೇನೆ. ಸಿಟ್ಟಿಲ್ಲವೆಂದದ್ದು ಸಣ್ಣ ಸುಳ್ಳು. ಸುಧೆ ಬಾಯಿಗೆ ಬರುತ್ತಿತ್ತೆಂದದ್ದು ಅದಕ್ಕಿಂತ ಕೆಟ್ಟದ್ದು. ಏಕೆಂದರೆ ಅವನಿಗೆ ಬಾರದಿದ್ದ ವಿದ್ಯೆಯನ್ನು ಅವನಿಗೆ ಹೊದಿಸುವಾಗ, ಅವನಿಗೆ ಬರುತ್ತಿದ್ದ ವಿದ್ಯೆಯನ್ನು ಹೇಳಲು ಯೋಗ್ಯವಲ್ಲದ್ದೆಂದು ನಾನು ತೀರ್ಮಾನಿಸಿದ್ದೆನು. ಕಾಲು ಗಂಟೆಯಲ್ಲಿ ಒಲೆಯ ಮಾತು ಒಂದು ಸಲವೂ ಬರಲಿಲ್ಲ. ಅವನ ತಂಡದ ನಾಲ್ವರೇ ಅಂದು ಅಡುಗೆಮನೆಯಲ್ಲಿದ್ದರು. ಬಾಗಿಲ ಬಳಿ ನಿಂತು ಕೇಳುತ್ತಿದ್ದರು. ಯಾರ ವಿಷಯ ಹೇಳುತ್ತಿದ್ದಾನೆಂದು ಅವರಿಗೆ ಅರ್ಥವಾಗಿರಲಿಕ್ಕಿಲ್ಲ.

ಜೀವಜೀವರಿಗೆ ಭೇದವುಂಟೆಂಬುದು ನಮ್ಮ ಪಂಚಭೇದಗಳಲ್ಲಿ ಒಂದು. ಬಾಯಿಪಾಠದಲ್ಲಿ ಅದು ಸುಲಭ. ಒಬ್ಬ ಜೀವನಂತೆ ಇನ್ನೊಬ್ಬನಿಲ್ಲ. ಮುಕ್ತಿಯಲ್ಲಿಯೂ ಆ ಭೇದ ಅಳಿಯುವುದಿಲ್ಲ, ಒಬ್ಬೊಬ್ಬನ ಆನಂದವೂ ಅವನವನ ಸ್ವರೂಪಕ್ಕೆ ತಕ್ಕಂತೆ. ಎಲ್ಲವೂ ಕೊನೆಗೆ ಒಂದೇ ಆಗುವುದಾದರೆ ಸತ್ತವನ ಗುಣ ಯಾವುದಾದರೇನು ಎನ್ನಬಹುದಿತ್ತು. ನಮ್ಮವರಿಗೆ ಹಾಗೆನ್ನಲು ಬರುವುದಿಲ್ಲ. ನಾವು ಕಳೆದುಕೊಂಡದ್ದು ಇವನನ್ನೇ. ಇವನಿಗೆ ಬದಲಾಗಿ ಸಚ್ಚರಿತ್ರನಾದ, ಸುಧಾಪಂಡಿತನಾದ ಮತ್ತೊಬ್ಬನನ್ನು ನಿಲ್ಲಿಸಿ ಅತ್ತರೆ, ಆ ಕಣ್ಣೀರು ಯಾರಿಗೂ ಸಲ್ಲುವುದಿಲ್ಲ.

ಮಹಾಭಾರತದ ಸ್ತ್ರೀಪರ್ವದಲ್ಲಿ ಯುದ್ಧಾನಂತರ ಗಂಗಾತೀರದಲ್ಲಿ ಉದಕದಾನ ನಡೆಯುವಾಗ ಕುಂತಿಯು ಕರ್ಣನಿಗೂ ನೀರು ಕೊಡಿರೆಂದು ಪಾಂಡವರಿಗೆ ಹೇಳುತ್ತಾಳೆ. ಅವನು ನಿಮ್ಮ ಅಣ್ಣನೆಂದು ಆಗ ತಿಳಿಸುತ್ತಾಳೆ. ಧರ್ಮರಾಜನಿಗೆ ಆ ದುಃಖ ಯುದ್ಧದ ಎಲ್ಲ ದುಃಖಗಳನ್ನೂ ಮೀರಿತು. ಈ ಪ್ರಸಂಗವನ್ನು ಓದುವಾಗಲೆಲ್ಲ, ನೀರನ್ನು ಕೈಯಲ್ಲಿ ಹಿಡಿದ ಮೇಲೆ ಮುಚ್ಚಿಟ್ಟದ್ದು ಉಳಿಯಲಾರದು ಎಂದು ತೋರುತ್ತದೆ. ಹಾಗೆಯೇ ಭಾಗವತದ ದಶಮಸ್ಕಂಧದಲ್ಲಿ, ಕುಚೇಲನೆಂದು ನಾವು ಕರೆಯುವ ಸಹಪಾಠಿಯು ಮನೆಗೆ ಬಂದಾಗ ಶ್ರೀಕೃಷ್ಣನು ಅವನೊಡನೆ ನೆನೆದುಕೊಂಡದ್ದೇನು? ಗುರುಪತ್ನಿಯ ಅಪ್ಪಣೆಯಂತೆ ಕಟ್ಟಿಗೆಗೆ ಹೋದದ್ದು, ಅಕಾಲದ ಮಳೆ ಬಂದದ್ದು, ಕತ್ತಲೆಯಲ್ಲಿ ದಾರಿ ತಪ್ಪಿ ಕೈ ಕೈ ಹಿಡಿದುಕೊಂಡು ಅಲೆದದ್ದು. ಸರ್ವಜ್ಞನಾದ ಸ್ವಾಮಿಗೆ ಆ ಬಡ ಬ್ರಾಹ್ಮಣನನ್ನು ದೊಡ್ಡದಾಗಿ ಹೊಗಳಲು ಮಾತು ಸಾಲದೆ ಇತ್ತೇ? ಆದರೂ ಮೊದಲು ನೆನೆದದ್ದು ಕಟ್ಟಿಗೆಯನ್ನು, ಮಳೆಯನ್ನು.

ಹಾಗೆಂದು ಸತ್ತವರ ದೋಷಗಳನ್ನೆಲ್ಲ ಸಭೆಯಲ್ಲಿ ಬಿಚ್ಚಿಡಬೇಕೆಂದು ನಾನು ಹೇಳುತ್ತಿಲ್ಲ. ಆಡದೆ ಬಿಡುವುದಕ್ಕೆ ಅವಕಾಶವಿದೆ. ಇಲ್ಲದುದನ್ನು ಕಟ್ಟುವುದಕ್ಕೆ ಇಲ್ಲ. ಪಂಚಪಾತ್ರೆಯ ಮಾತನ್ನು ಅಂದು ಹೇಳದಿದ್ದುದಕ್ಕೆ ನನಗೆ ಖೇದವಿಲ್ಲ. ಇಂದು ಹೇಳಿದ್ದಕ್ಕೂ ಅವನು ಬೇಸರಿಸಲಾರನು.

ಅವನ ಶ್ರಾದ್ಧವನ್ನು ಅವನ ತಮ್ಮ ಮಾಡುತ್ತಾನೆ. ನನ್ನ ತಂದೆಯವರು ಶ್ರೀಹರಿವಾಯುಗುರುಗಳ ಕೃಪೆಯಿಂದ ಆರೋಗ್ಯದಿಂದಿದ್ದಾರೆ; ಆದ್ದರಿಂದ ಮಹಾಲಯದಲ್ಲಿ ಅವನ ಹೆಸರೆತ್ತಿ ಎಳ್ಳುನೀರು ಬಿಡಲು ನನಗೆ ಅಧಿಕಾರವಿಲ್ಲ. ಸಗೋತ್ರನಾದ್ದರಿಂದ ಅವನ ಶ್ರಾದ್ಧದಲ್ಲಿ ನಿಮಂತ್ರಿತನಾಗಿ ಕೂಡುವಂತೆಯೂ ಇಲ್ಲ. ಆದರೆ ಅವನ ತಿಥಿ ಭೀಷ್ಮಾಷ್ಟಮಿ. ಸಂತಾನವಿಲ್ಲದ ಆ ಪಿತಾಮಹನಿಗೆ ಅಂದು ಎಲ್ಲರೂ ಅರ್ಘ್ಯ ತರ್ಪಣಗಳನ್ನು ಕೊಡಬಹುದು, ತಂದೆಯುಳ್ಳವರೂ ಕೊಡಬಹುದೆಂದು ಶಾಸ್ತ್ರ ಹೇಳುತ್ತದೆ. ಪ್ರತಿವರ್ಷವೂ ನದಿಯಲ್ಲಿ ನಿಂತು ಕೊಡುತ್ತೇನೆ. ಭೀಷ್ಮನಿಗೆ ಕೊಡುವ ನೀರಿನಲ್ಲಿ ಇನ್ನೊಬ್ಬನ ಹೆಸರನ್ನು ಸೇರಿಸುವುದಿಲ್ಲ. ಅದು ಮತ್ತೊಂದು ಅಯಥಾರ್ಥವಾದೀತು. ಕೊಟ್ಟು ದಡಕ್ಕೆ ಬಂದು, ಪ್ರಮಾಣಪದ್ಧತಿಯಲ್ಲಿ ನಾವಿಬ್ಬರೂ ಓದಿದ ಆ ಭಾಗವನ್ನು ಒಂದಾವರ್ತಿ ಹೇಳಿಕೊಳ್ಳುತ್ತೇನೆ. ಹುಟ್ಟುವಾಗಲೇ ಹೊತ್ತು ಬಂದ ಮೂರು ಋಣಗಳಲ್ಲಿ ಋಷಿಋಣ ಅಧ್ಯಯನದಿಂದ ತೀರತಕ್ಕದ್ದು. ಜ್ಞಾತಿಯಾಗಿ ಅವನಿಗೆ ಸಲ್ಲಬೇಕಾದುದನ್ನು ತಮ್ಮನು ಸಲ್ಲಿಸುತ್ತಾನೆ. ಸಹಾಧ್ಯಾಯಿಯಾಗಿ ಸಲ್ಲಬೇಕಾದುದು ಆ ಕಡೆಯ ಲೆಕ್ಕಕ್ಕೆ ಸೇರಿದ್ದೆಂದು ನನ್ನ ಎಣಿಕೆ. ಇದಕ್ಕೆ ಗ್ರಂಥಾಧಾರವನ್ನು ಯಾರಾದರೂ ಕೇಳಿದರೆ ನನ್ನಲ್ಲಿಲ್ಲ.

ಹೋದ ವರ್ಷ ತರ್ಪಣವನ್ನು ಮುಗಿಸಿ ಅವರ ಮನೆಗೆ ಹೋಗಿ, ನೀರು ಸೇದಿ, ಎಲೆ ತೊಳೆದು, ಶ್ರಾದ್ಧಕ್ಕೆ ಬೇಕಾದುದನ್ನೆಲ್ಲ ಒದಗಿಸಿಕೊಟ್ಟೆನು. ಸಾಯಂಕಾಲ ಎಲ್ಲರೂ ಹೊರಟ ಮೇಲೆ ದೊಡ್ಡಮ್ಮನ ಎದುರು ಕುಳಿತು, ಸಮಾರಾಧನೆಯ ದಿನ ನಾನು ಹೇಳಿದ್ದು ಸರಿಯಲ್ಲವೆಂದೂ, ಬಾವಿಯ ವಿಚಾರ ಹೀಗೆ ಹೀಗೆ ನಡೆಯಿತೆಂದೂ ಹೇಳಿದೆನು. ಶಾಲಿನ ಮಾತನ್ನೂ ಹೇಳಿದೆನು. ಅವರು ಹೂಬತ್ತಿ ಹೊಸೆಯುತ್ತಿದ್ದರು. ಬಾವಿಯ ವಿಷಯಕ್ಕೆ ಏನೂ ಅನ್ನಲಿಲ್ಲ. ಬಹಳ ಹೊತ್ತಾದ ಮೇಲೆ, “ಅಂದು ಅಷ್ಟೆಲ್ಲ ಹೇಳಿದೆಯಲ್ಲಪ್ಪ, ಅವನ ಮಾವಿನಕಾಯಿ ಸಾರಿನ ಮಾತು ಯಾಕೆ ಬರಲಿಲ್ಲ? ನಾನು ಕಾಯುತ್ತಿದ್ದೆ” ಎಂದರು.

ಶ್ರೀಕೃಷ್ಣಾರ್ಪಣಮಸ್ತು